ಮದುವೆ ತಾರೀಖು ನೋಡಿಕೊಂಡು ಜ್ಞಾನಸ್ನಾನ ಬೇಡ

ಸಂಪಾದಕರೇ,

ದೊಡ್ಡವರು ಕಥೋಲಿಕ ಸಭೆಗೆ ಸೇರುವುದು ಅಂದರೆ ಜ್ಞಾನಸ್ನಾನ ಅಂತ ತಲೆ ಮೇಲೆ ಮೂರು ಸಲ ನೀರು ಹಾಕಿಸಿಕೊಳ್ಳುವುದು, ಒಂದು ಭಾನುವಾರದ ಕೆಲಸ ಅಂತ ತುಂಬಾ ಜನ ತಿಳಿದಿದ್ದಾರೆ. ಹೊರಗಿನವರು ಹಾಗಂದುಕೊಂಡರೆ ಬೇಜಾರಿಲ್ಲ. ನಮ್ಮವರೇ "ಫಾದರ್, ಮುಂದಿನ ತಿಂಗಳು ಮದುವೆ, ಅಷ್ಟರೊಳಗೆ ಹುಡುಗನಿಗೆ ಜ್ಞಾನಸ್ನಾನ ಕೊಟ್ಟುಬಿಡಿ" ಅಂತ ಹೋಗಿ ನಿಲ್ಲುತ್ತಾರಲ್ಲ, ಅದಕ್ಕೇ ಈ ಪತ್ರ.

ಮದುವೆಗೆ ಜ್ಞಾನಸ್ನಾನ ಆಗಲೇಬೇಕು ಅಂತೇನಿಲ್ಲ. ಧರ್ಮಾಧ್ಯಕ್ಷರ (ಬಿಷಪರ) ವಿಶೇಷ ಅನುಮತಿ ಸಿಕ್ಕರೆ ಕ್ರೈಸ್ತರಲ್ಲದವರನ್ನೂ ಚರ್ಚಿನಲ್ಲೇ ಮದುವೆಯಾಗಬಹುದು. ಮನಸ್ಸಿಗೆ ವಿರುದ್ಧವಾಗಿ ಯಾರನ್ನೂ ಒತ್ತಾಯದಿಂದ ಸೇರಿಸಬಾರದು ಅಂತ ಸಭೆಯ ಕಾನೂನಿನ 748ನೇ ನಿಯಮವೇ ಹೇಳುತ್ತದೆ. ಬೀಗರ ಒತ್ತಾಯವೂ ಒತ್ತಾಯವೇ ಅಲ್ವಾ?

ಆದಿ ಸಭೆಯಲ್ಲಿ ಜ್ಞಾನಸ್ನಾನಕ್ಕೆ ಮೊದಲು ಕಲಿಕೆಗೆ ಅಂತ ಮೂರು ವರ್ಷದವರೆಗೂ ಕಾಯಿಸುತ್ತಿದ್ದದ್ದುಂಟು. ಸಂತ ಅಗಸ್ಟೀನರನ್ನು ಅವರ ತಾಯಿ ಎಳೆತನದಲ್ಲೇ ದೀಕ್ಷಾರ್ಥಿಗಳ, ಅಂದರೆ ಜ್ಞಾನಸ್ನಾನಕ್ಕೆ ತಯಾರಾಗುವವರ, ಸಾಲಿಗೆ ಸೇರಿಸಿದ್ದರು. ಜ್ಞಾನಸ್ನಾನ ಆಗಿದ್ದು ಮಾತ್ರ 387ರ ಪಾಸ್ಖ (ಈಸ್ಟರ್) ರಾತ್ರಿ, ಮಿಲಾನಿನಲ್ಲಿ, ಅವರಿಗೆ 32 ವರ್ಷವಾಗಿದ್ದಾಗ! ಮುಂದೆ ಈ ದೀರ್ಘ ತಯಾರಿಯ ಪದ್ಧತಿ ಮೂಲೆಗೆ ಬಿತ್ತು. ಅದನ್ನು ಮತ್ತೆ ತನ್ನಿ ಅಂತ ಜಗತ್ತಿನ ಬಿಷಪರು ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿ ಹೇಳಿತು, 1972ರಲ್ಲಿ ಅದಕ್ಕೆ ಹೊಸ ವಿಧಿ (ಆಚರಣೆಯ ಕ್ರಮ) ಬಂತು.

ಹೀಗೆ ತಯಾರಾಗುತ್ತಿದ್ದ ಒಬ್ಬಾಕೆಗೆ ನಾನು ಜ್ಞಾನತಾಯಿಯಾಗಿ (ಗಾಡ್‌ಮದರ್ ಆಗಿ) ನಿಂತಿದ್ದೆ. ಪ್ರತಿ ಭಾನುವಾರ ಬಲಿಪೂಜೆಯಲ್ಲಿ ಫಾದರ್ ಪ್ರಬೋಧನೆ (ಪ್ರವಚನ) ಮುಗಿದ ಮೇಲೆ ದೀಕ್ಷಾರ್ಥಿಗಳನ್ನು ಹೊರಗೆ ಕಳಿಸುತ್ತಾರೆ, ಅವರು ಉಪದೇಶಿ (ಧರ್ಮ ಕಲಿಸುವವರು) ಜೊತೆ ಬೇರೆ ಕೋಣೆಯಲ್ಲಿ ಕೂತು ಅವತ್ತಿನ ವಾಚನದ ಬಗ್ಗೆ ಮಾತಾಡುತ್ತಾರೆ. ಪರಮಪ್ರಸಾದ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ಕೊಡುವ ಮೊದಲೇ ಹೊರಗೆ ಕಳಿಸುತ್ತಾರಲ್ಲ ಅಂತ ಮೊದಮೊದಲು ನನಗೆ ಸಿಟ್ಟೇ ಬಂದಿತ್ತು, ಊಟಕ್ಕೆ ಕರೆದು ಬಡಿಸುವ ಹೊತ್ತಿಗೆ ಎಬ್ಬಿಸಿ ಕಳಿಸಿದ ಹಾಗೆ. ಆಕೆಗೆ ಹಾಗನ್ನಿಸಲಿಲ್ಲ. "ನೀವು ಚಿಕ್ಕಂದಿನಿಂದ ಪರಮಪ್ರಸಾದ ತಗೊಂಡವರು, ಹಸಿವು ಗೊತ್ತಿಲ್ಲ ನಿಮಗೆ" ಅಂದಳು. ನಾನು ಬಾಯಿ ಮುಚ್ಚಿಕೊಂಡೆ.

ಪಾಸ್ಖಕ್ಕೆ ಮೊದಲು ಬರುವ ತಪಸ್ಸುಕಾಲದ ಮೂರು, ನಾಲ್ಕು, ಐದನೇ ಭಾನುವಾರ ಇವರಿಗಾಗಿ 'ಪರಿಶೀಲನೆ' ಇರುತ್ತದೆ. ಹೆಸರು ಕೇಳಿ ಪರೀಕ್ಷೆ ಅಂದುಕೊಂಡು ಅವಳು ನೋಟ್ಸ್ ಬರೆದುಕೊಂಡು ಬಂದಿದ್ದಳು ಪಾಪ. ಅದು ಪ್ರಾರ್ಥನೆ, ಅಷ್ಟೇ. ಬಾವಿ ಹತ್ತಿರದ ಸಮಾರ್ಯದ ಹೆಂಗಸು, ಹುಟ್ಟುಕುರುಡ, ಸತ್ತು ಎದ್ದು ಬಂದ ಲಾಜರ, ಈ ಮೂರು ಪ್ರಸಂಗ ಓದುತ್ತಾರೆ. ಬಾಯಾರಿಕೆ, ಕತ್ತಲೆ, ಸಾವು. ಇದನ್ನೆಲ್ಲ ಒಂದು ತಿಂಗಳಲ್ಲಿ ಮುಗಿಸಿ ಅಂದರೆ ಹೇಗೆ?

ಬೇರೆ ಕ್ರೈಸ್ತ ಸಭೆಯಲ್ಲಿ ಸರಿಯಾಗಿ ಜ್ಞಾನಸ್ನಾನ ಆದವರಿಗೆ ಮತ್ತೆ ಕೊಡುವುದಿಲ್ಲ, ಅವರ ದಾರಿಯೇ ಬೇರೆ. ಉಳಿದವರಿಗೆ ಪಾಸ್ಖ ರಾತ್ರಿ ಜ್ಞಾನಸ್ನಾನ, ದೃಢೀಕರಣ (ಪವಿತ್ರ ತೈಲ ಹಚ್ಚಿ ವಿಶ್ವಾಸ ಗಟ್ಟಿಮಾಡುವ ಸಂಸ್ಕಾರ), ಪರಮಪ್ರಸಾದ ಮೂರೂ ಒಟ್ಟಿಗೆ. ಅಲ್ಲಿಂದ ಐವತ್ತನೇ ದಿನದ ಪೆಂತೆಕೋಸ್ತ್ ಹಬ್ಬದ ತನಕ ಅವರ ಜೊತೆಗಿದ್ದು ನಡೆಸಬೇಕು ಅಂತ ವಿಧಿಯಲ್ಲಿದೆ. ನಾವೋ ಫೋಟೋ ತೆಗೆಸಿಕೊಂಡು ಮರೆತುಬಿಡುತ್ತೇವೆ. ನಾನೂ ಎರಡು ವಾರ ಫೋನ್ ಮಾಡಿರಲಿಲ್ಲ.

ಆಕೆಯ ಜೊತೆಗಿದ್ದ ದೀಕ್ಷಾರ್ಥಿಗಳ ಗುಂಪಿನಲ್ಲಿ ಒಬ್ಬರು ಎಂಟು ತಿಂಗಳು ಬಂದು, ತಪಸ್ಸುಕಾಲಕ್ಕೆ ಮೊದಲು "ನನಗೆ ಇನ್ನೂ ಖಾತ್ರಿಯಾಗಿಲ್ಲ" ಅಂದರು. ಉಪದೇಶಿ ಅವರನ್ನು ತಡೆಯಲಿಲ್ಲ. ಅವರ ಮದುವೆ ಅನುಮತಿ ಪಡೆದೇ ಆಯಿತು. ಈಗಲೂ ಹೆಂಡತಿ ಜೊತೆ ಬಂದು ಕೊನೇ ಬೆಂಚಲ್ಲಿ ಕೂರುತ್ತಾರೆ.

ಇಂತಿ,
ಒಬ್ಬ ಓದುಗಿ