ಸೋಮವಾರದಿಂದ ಆರೋಗ್ಯ ತಪಾಸಣೆ

ಎಲ್ಲರಿಗೂ ನಮಸ್ಕಾರ,

ಸೋಮವಾರದಿಂದ ಗುರುವಾರದವರೆಗೆ ಬೆಳಿಗ್ಗೆ 9ಕ್ಕೆ ಗಣಿ ಆಸ್ಪತ್ರೆಯಲ್ಲಿ ತಪಾಸಣೆ ಇದೆ. ಕಳೆದ ತಪಾಸಣೆಯಾಗಿ ಐದು ವರ್ಷ ತುಂಬುತ್ತಿರುವವರೆಲ್ಲ ಬರಬೇಕು. 1955ರ ಗಣಿ ನಿಯಮಗಳಲ್ಲೇ ಇದು ಇದೆ. ಗುತ್ತಿಗೆಯವರೂ ಬನ್ನಿ, "ನಮಗೆ ಅನ್ವಯಿಸಲ್ಲ" ಅಂತ ಯಾರೋ ಹೇಳಿದ್ದನ್ನು ನಂಬಬೇಡಿ. ದುಡ್ಡು ಕೊಡಬೇಕಾಗಿಲ್ಲ.

ಎದೆಯ ಎಕ್ಸ್‌ರೇ, ಊದಿಸಿ ನೋಡುವ ಶ್ವಾಸಕೋಶದ ಪರೀಕ್ಷೆ, ಕಿವಿ ಪರೀಕ್ಷೆ, ಮೂರೂ ಇರುತ್ತವೆ. ಡ್ರಿಲ್ಲಿಂಗ್ ಅಣ್ಣಂದಿರೇ, ರಾತ್ರಿ ಪಾಳಿ ಮುಗಿಸಿ ನೇರವಾಗಿ ಬರಬೇಡಿ. ಮಷೀನಿನ ಸದ್ದಿಗೆ ಕಿವಿ ಗುಂಯ್ ಅಂತಿರುತ್ತದೆ, ಫಲಿತಾಂಶ ಸರಿ ಬರುವುದಿಲ್ಲ. ವಾರದ ರಜೆಯ ಮರುದಿನ ಬಂದರೆ ಒಳ್ಳೆಯದು.

ಕೆಮ್ಮು, ಏದುಸಿರು ಇದ್ದರೆ ಡಾಕ್ಟರ ಹತ್ತಿರ ಮುಚ್ಚಿಡಬೇಡಿ. ಬೀಡಿ ಕೆಮ್ಮು ಅಂತ ಸುಮ್ನೆ ಬಿಡುವುದೇ ಜಾಸ್ತಿ, ಅಲ್ವಾ? ಕಲ್ಲಿನ ಧೂಳಿನಿಂದ ಬರುವ ಸಿಲಿಕೋಸಿಸ್ ವಾಸಿಯಾಗುವ ಕಾಯಿಲೆಯಲ್ಲ. ಬೇಗ ಗೊತ್ತಾದರೆ ಧೂಳಿಲ್ಲದ ಕೆಲಸ ಕೇಳಬಹುದು. ಪರಿಹಾರ ಕೇಳುವಾಗಲೂ ಈ ಕಾಗದಗಳೇ ಆಧಾರ. ವರದಿಯ ಪ್ರತಿ ಕೇಳಿ ಪಡೆದು ಮನೆಯಲ್ಲಿಡಿ.

ಗುರುತಿನ ಚೀಟಿ, ಹಳೆಯ ವರದಿ ತನ್ನಿ. ಯಾವ ದಿನ ಬರುತ್ತೀರಿ, ಯಾವ ಪಾಳಿ ಅಂತ ಶನಿವಾರ ಸಂಜೆಯೊಳಗೆ ಇಲ್ಲೇ ಬರೆಯಿರಿ. ಫೋನ್ ಇಲ್ಲದ ಜೊತೆಗಾರರಿಗೂ ತಿಳಿಸಿ.