ಭಾನುವಾರದ ಚರ್ಚೆ: ಇಡೋಮಾ ಕಾರ್ನಿವಲ್

ಸದಸ್ಯರೆಲ್ಲರಿಗೂ ನಮಸ್ಕಾರ.

ಬರುವ ಭಾನುವಾರ ಸಂಜೆ ನಮ್ಮ ಗುಂಪಿನಲ್ಲಿ ನೈಜೀರಿಯಾದ ಇಡೋಮಾ ಸಮುದಾಯದ ವಾರ್ಷಿಕ ಸಾಂಸ್ಕೃತಿಕ ಉತ್ಸವದ ಕುರಿತು ಚರ್ಚೆ ನಡೆಯಲಿದ್ದು, ಅದಕ್ಕೆ ಮುನ್ನ ಈ ಕೆಲವು ಸಂಗತಿಗಳನ್ನು ಗಮನಿಸಬೇಕಾಗಿ ಕೋರುತ್ತೇನೆ.

ಇಡೋಮಾ ಜನರು ಮುಖ್ಯವಾಗಿ 1976ರಲ್ಲಿ ರಚನೆಯಾದ ಬೆನ್ಯುವೆ ರಾಜ್ಯದಲ್ಲಿ ನೆಲೆಸಿದ್ದಾರೆ. ಒಟುಕ್ಪೊ ಪಟ್ಟಣ ಅವರ ಕೇಂದ್ರ. ಅವರ ಸಾಂಪ್ರದಾಯಿಕ ಅರಸರನ್ನು ಓಚಿಡೋಮಾ ಎಂದು ಕರೆಯುತ್ತಾರೆ. ಕೆಂಪು ಮತ್ತು ಕಪ್ಪು ಪಟ್ಟೆಗಳ ಬಟ್ಟೆ ಈ ಜನರ ಗುರುತಾಗಿರುವುದರಿಂದ ಉತ್ಸವದ ಚಿತ್ರಗಳಲ್ಲಿ ಮೊದಲು ಕಣ್ಣಿಗೆ ಬೀಳುವುದೂ ಅದೇ.

ಚರ್ಚೆಯ ಹೆಚ್ಚಿನ ಸಮಯವನ್ನು ಮುಖವಾಡಗಳಿಗೆ ಮೀಸಲಿಡುವುದು ಉಚಿತವೆಂದು ನನ್ನ ಅಭಿಪ್ರಾಯ. ತೀರಿಹೋದ ಹಿರಿಯರು ಅಲೆಕ್ವು ರೂಪದಲ್ಲಿ ಬದುಕಿರುವವರ ನಡತೆಯನ್ನು ಕಾಯುತ್ತಾರೆಂಬ ನಂಬಿಕೆ ಅಲ್ಲಿದ್ದು, ಅವರ ಹೆಸರಿನ ವೇಷಗಳನ್ನು ಕೇವಲ ಮನರಂಜನೆಯಾಗಿ ಕಾಣಲಾಗದು. ಯೋಧರ ಕುಣಿತದ ಕಥೆ ಬೇರೆ: ಒಂದು ಕಾಲಕ್ಕೆ ಕೊಂದ ಶತ್ರುವಿನ ತಲೆಯೊಂದಿಗೆ ನಡೆಯುತ್ತಿದ್ದ ಈ ಕುಣಿತಕ್ಕೆ, ಬ್ರಿಟಿಷ್ ಆಡಳಿತ ಅದನ್ನು ತಡೆದ ಬಳಿಕ, ಮರದಲ್ಲಿ ಕೆತ್ತಿದ ಮುಖವಾಡ ಬಂದು ಸೇರಿತು. ನಿಷೇಧವೊಂದು ಶಿಲ್ಪಕಲೆಗೆ ದಾರಿಯಾದ ಇಂಥ ಉದಾಹರಣೆಗಳು ಅಪರೂಪ.

ಊಟದ ವಿಷಯಕ್ಕೆ ಬಂದರೆ, ಒಕೊಹೊ ಎಂಬ ಬಳ್ಳಿಯ ಕಾಂಡದಿಂದ ಮಾಡುವ ಲೋಳೆಯಾದ ಸಾರನ್ನು ಕುಟ್ಟಿದ ಯಾಮ್ ಗೆಡ್ಡೆಯ ಮುದ್ದೆಯೊಂದಿಗೆ ಉಣ್ಣುತ್ತಾರೆ. (ಮುದ್ದೆ ಪ್ರಿಯರು ಹೊಟ್ಟೆಕಿಚ್ಚುಪಡಬಹುದು.)

ಕೊನೆಯದಾಗಿ ಒಂದು ವಿನಂತಿ: ಡಿಸೆಂಬರಿನಲ್ಲಿ ನಡೆಯುವ ಕಲಬಾರ್ ಕಾರ್ನಿವಲ್ ನೈಜೀರಿಯಾದ ಮತ್ತೊಂದು ರಾಜ್ಯದ್ದು. ಅದರ ವಿಡಿಯೊಗಳನ್ನು ಇಡೋಮಾ ಉತ್ಸವವೆಂದು ಇಲ್ಲಿ ಹಂಚಬಾರದು. ಪ್ರಶ್ನೆಗಳಿದ್ದರೆ ಶನಿವಾರ ರಾತ್ರಿಯೊಳಗೆ ಗುಂಪಿನಲ್ಲೇ ಬರೆಯಿರಿ.