ಆ ಠರಾವಿಗೆ ಕೈ ಎತ್ತಬೇಡ

ಡೊಂಬಿವಲಿ

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಹೊಸ ಮನೆಯ ಫೋಟೋ ನೋಡಿದೆವು. ನಿನ್ನ ದೊಡ್ಡಮ್ಮನಿಗೆ ಬಾಲ್ಕನಿ ತುಂಬ ಹಿಡಿಸಿದೆ. ನಿನ್ನನ್ನು ಸೊಸೈಟಿ ಕಮಿಟಿಗೆ ಆರಿಸಿದ್ದೂ ಸಂತೋಷ. ಆದರೆ ಮನೆಗೆಲಸದವರು, ಡೆಲಿವರಿ ಹುಡುಗರು ಸಾಮಾನಿನ ಲಿಫ್ಟಲ್ಲೇ ಬರಬೇಕು ಅಂತ ಠರಾವು ತರುತ್ತಾರಂತೆ, ಅಲ್ವಾ? ಅದಕ್ಕೆ ಕೈ ಎತ್ತಬೇಡ.

ನೀನಿರುವ ಮುಂಬಯಿಯ ಲೋವರ್ ಪರೇಲ್ ಹಿಂದೆ ಗಿರಣಗಾಂವ್, ಬಟ್ಟೆ ಮಿಲ್ಲುಗಳ ಊರು. 1982ರ ಜನವರಿಯಲ್ಲಿ ಕಾರ್ಮಿಕ ನಾಯಕ ದತ್ತಾ ಸಾಮಂತರ ಮುಂದಾಳತ್ವದಲ್ಲಿ ಸುಮಾರು 2.5 ಲಕ್ಷ ಕಾರ್ಮಿಕರು ಮುಷ್ಕರ ಹೂಡಿದರು. ವರ್ಷ ಕಳೆದರೂ ಅದು ಬಗೆಹರಿಯಲಿಲ್ಲ. ಎಷ್ಟೋ ಜನಕ್ಕೆ ಕೆಲಸ ವಾಪಸ್ ಸಿಗಲೇ ಇಲ್ಲ. ಅವರಿದ್ದ ಚಾಳುಗಳಲ್ಲಿ, ಅಂದರೆ ವಠಾರಗಳಲ್ಲಿ, ಮೊದಲು ಕಿವಿಯೋಲೆ ಅಡವಿಗೆ ಹೋಯಿತು, ಆಮೇಲೆ ತಾಮ್ರದ ಹಂಡೆ, ಕೊನೆಗೆ ಮಕ್ಕಳ ಶಾಲೆಯೇ ತಪ್ಪಿತು. ಹಾಗೆ ಬೀದಿಗೆ ಬಿದ್ದ ಹುಡುಗರಲ್ಲಿ ಕೆಲವರನ್ನು ಗ್ಯಾಂಗಿನವರು ಸೆಳೆದುಕೊಂಡರು. ಅವರೇನು ಹುಟ್ಟು ಪುಂಡರಲ್ಲ ಪುಟ್ಟಿ, ಕೂಲಿಕಾರರ ಮನೆಯ ಸಾದಾ ಹುಡುಗರು.

ಜಾಗದ ಕತೆಯೂ ಹಾಗೇ. 1991ರ ನಿಯಮದಲ್ಲಿ ಮಿಲ್ ಜಮೀನಿನ ಸುಮಾರು ಮೂರರಲ್ಲೊಂದು ಪಾಲು ಊರಿನ ಬಯಲಿಗೆ, ಇನ್ನೊಂದು ಸಾಮಾನ್ಯರ ಮನೆಗಳಿಗೆ, ಉಳಿದದ್ದು ಮಾಲೀಕರಿಗೆ ಅಂತಿತ್ತು. 2001ರಲ್ಲಿ ತಿದ್ದುಪಡಿ ತಂದು, ಖಾಲಿ ಬಿದ್ದ ಜಾಗಕ್ಕೆ ಮಾತ್ರ ಈ ಲೆಕ್ಕ ಅಂದರು. ಊರಿನ ಕೈಗೆ ಬಂದದ್ದು ಚೂರುಪಾರು. 2006ರಲ್ಲಿ ಸುಪ್ರೀಂ ಕೋರ್ಟೂ ಆ ತಿದ್ದುಪಡಿಯನ್ನೇ ಎತ್ತಿಹಿಡಿಯಿತು. ನನಗೆ ಇವತ್ತಿಗೂ ಇದು ಅನ್ಯಾಯವೆಂದೇ ಅನಿಸುತ್ತದೆ.

ಬಡತನ ಒಂದರಿಂದಲೇ ಊರು ಕೆಡುವುದಿಲ್ಲ. ಮೇಲೆ ಬರುವ ದಾರಿ ಮುಚ್ಚಿದರೆ ಕೆಡುತ್ತದೆ. ನಿನ್ನ ಅಜ್ಜ ಮುಂಬಯಿಯ ಫೋರ್ಟ್ ಬಡಾವಣೆಯ ಹೋಟೆಲಲ್ಲಿ ಹಗಲೆಲ್ಲ ಟೇಬಲ್ ಒರೆಸಿ, ರಾತ್ರಿ ಕನ್ನಡ ಶಾಲೆಗೆ ಹೋಗಿ ಮೆಟ್ರಿಕ್ ಮುಗಿಸಿದರು. ಸಂಜೆ ಗಿರಾಕಿ ಜಾಸ್ತಿ ಇದ್ದರೂ ಧಣಿ ಹುಡುಗರನ್ನು ಶಾಲೆಯ ಹೊತ್ತಿಗೆ ಬಿಡುತ್ತಿದ್ದರು. ಅವತ್ತು ಅವರು ಬಿಡದಿದ್ದರೆ ನಮ್ಮ ಮನೆತನ ಎಲ್ಲಿರುತ್ತಿತ್ತೋ.

ಲಿಫ್ಟ್ ಸಣ್ಣ ವಿಷಯ ಅಂತ ಸುಮ್ನೆ ಬಿಡಬೇಡ. ನಿನ್ನ ಮಗುವನ್ನು ದಿನಾ ಎತ್ತಿ ಆಡಿಸುವವಳು ನಿನ್ನ ಪಕ್ಕ ಎರಡು ನಿಮಿಷ ನಿಲ್ಲಬಾರದು ಅಂದರೆ, ಅವಳ ಮಕ್ಕಳು ಅದನ್ನು ಕೇಳಿಕೊಂಡೇ ಬೆಳೆಯುತ್ತಾರೆ. ನೀನೊಬ್ಬಳೇ ಆದರೂ ಸರಿ, ವಿರೋಧವನ್ನು ಮಿನಿಟ್ಸಿನಲ್ಲಿ ಬರೆಸು. ಅದೇ ಸಭೆಯಲ್ಲಿ ಕೆಲಸದವರಿಗೆ ಕೆಳಗೊಂದು ಟಾಯ್ಲೆಟ್, ವಾಚ್‌ಮನ್‌ಗಳಿಗೆ ವಾರದ ರಜೆ ಕೇಳು. ನಿನ್ನ ಮನೆಗೆಲಸದವಳ ಮಗನ ಹತ್ತನೆಯ ಫೀಸಿಗೆ ನಾನೂ ಅರ್ಧ ಕೊಡುತ್ತೇನೆ, ಕಟ್ಟುವ ತಾರೀಕು ತಿಳಿಸು.

ಇಂತಿ ನಿನ್ನ
ದೊಡ್ಡಪ್ಪ